ಕೀಮೊದಿಂದ ಅಮ್ಮನ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು, ಈಗ ಕೆಮ್ಮು ನಿಂತಿದೆ. ಸ್ಟೀರಾಯ್ಡ್ ನಿಲ್ಲಿಸಬಹುದೇ?

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾನು ಶ್ವಾಸಕೋಶದ ವೈದ್ಯೆ. ಬ್ಲಿಯೋಮೈಸಿನ್ ಎಂಬ ಕೀಮೊ ಔಷಧಿ ತೆಗೆದುಕೊಂಡ ಮೇಲೆ ಅಮ್ಮನಿಗೆ ಒಣಕೆಮ್ಮು, ಏದುಸಿರು ಶುರುವಾಯಿತು, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಎರಡೇ ವಾರಕ್ಕೆ ಹಗುರಾದರು, ಆದರೆ ಶುಗರ್ ಏರಿದೆ ಎಂದಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ.

ಬ್ಲಿಯೋಮೈಸಿನನ್ನು ಒಡೆದುಹಾಕುವ ಕಿಣ್ವ ಶ್ವಾಸಕೋಶದಲ್ಲಿ ತೀರಾ ಕಡಿಮೆ. ಹಾಗಾಗಿ ಔಷಧಿಯ ಪೆಟ್ಟು ಅಲ್ಲಿಗೇ ಹೆಚ್ಚು ಬೀಳುತ್ತದೆ. ಕಿಡ್ನಿ ಸೊರಗಿದ್ದರೆ ಇನ್ನೂ ಹೆಚ್ಚು. ಮೊದಲು ಉರಿಯೂತ, ಆಮೇಲೆ ಗಾಯ ಗಟ್ಟಿಯಾಗಿ ಕಲೆ. ಸ್ಟೀರಾಯ್ಡ್ ಉರಿಯೂತವನ್ನು ತಣಿಸುತ್ತದೆ, ಕಲೆಯನ್ನು ಕರಗಿಸುವುದಿಲ್ಲ. ಅಮ್ಮ ಇಷ್ಟು ಬೇಗ ಚೇತರಿಸಿಕೊಂಡದ್ದು ಒಳ್ಳೆಯ ಸೂಚನೆ.

ಆದರೆ ಕೆಮ್ಮು ನಿಂತರೆ ಉರಿಯೂತ ಆರಿದೆ ಎಂದಲ್ಲ. ಕುಳಿತಾಗ ಆಕ್ಸಿಜನ್ 96 ಇರುವವರನ್ನು ಬೆರಳಿಗೆ ಆಕ್ಸಿಮೀಟರ್ ಹಾಕಿ ವರಾಂಡದಲ್ಲಿ ನಡೆಸಿದರೆ 88ಕ್ಕೆ ಇಳಿಯುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಬೆನ್ನಿನ ಕೆಳಭಾಗಕ್ಕೆ ಸ್ಟೆತೊಸ್ಕೋಪ್ ಇಟ್ಟರೆ ವೆಲ್ಕ್ರೊ ಪಟ್ಟಿ ಬಿಡಿಸಿದಂಥ ಸದ್ದು ಇನ್ನೂ ಕೇಳುತ್ತಿರುತ್ತದೆ. ಸಾಮಾನ್ಯವಾಗಿ ಈ ಸ್ಟೀರಾಯ್ಡನ್ನು ದಿನಕ್ಕೆ ತೂಕದ ಪ್ರತಿ ಕಿಲೋಗೆ 0.75ರಿಂದ 1 ಮಿಲಿಗ್ರಾಂ ಲೆಕ್ಕದಲ್ಲಿ ಶುರುಮಾಡಿ, ನಾಲ್ಕರಿಂದ ಆರು ತಿಂಗಳಲ್ಲಿ ಹಂತಹಂತವಾಗಿ ಇಳಿಸುತ್ತೇವೆ. ಇಳಿಸುವಾಗಲೇ ಕೆಲವರಿಗೆ ಏದುಸಿರು ಮರುಕಳಿಸುತ್ತದೆ. ಆಗ ಡೋಸ್ ಮತ್ತೆ ಏರಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಈ ಚಿಕಿತ್ಸೆಯಲ್ಲಿ ಕಷ್ಟದ ಭಾಗವೇ ಇದು. ಜೊತೆಗೆ, ವಾರಗಟ್ಟಲೆ ಮಾತ್ರೆ ನುಂಗಿದ ಮೇಲೆ ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಶುಗರ್‌ಗೆ ಮಾತ್ರೆಯೋ ಇನ್ಸುಲಿನ್ನೋ ಸೇರಿಸಿಕೊಳ್ಳಬಹುದು, ಅದಕ್ಕಾಗಿ ಸ್ಟೀರಾಯ್ಡ್ ಬಿಡಬೇಕಿಲ್ಲ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಡೋಸ್ ಒಂದು ತಿಂಗಳು ದಾಟುವುದಿದ್ದರೆ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬಾರದಂತೆ ಕೋಟ್ರೈಮಾಕ್ಸಝೋಲ್ ಎಂಬ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆಯೂ ಕೇಳಿ. ಜ್ವರ ಬಂದರೆ ಅಥವಾ ಏದುಸಿರು ಮರಳಿದರೆ ಅಂದೇ ತೋರಿಸಿ, ಸ್ಟೀರಾಯ್ಡ್ ಸೋಂಕಿನ ಲಕ್ಷಣಗಳನ್ನು ಮರೆಮಾಡುತ್ತದೆ.

ಇನ್ನೊಂದು ಮಾತು. ಬ್ಲಿಯೋಮೈಸಿನ್ ಪಡೆದವರಿಗೆ ಅಗತ್ಯಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಮತ್ತೆ ಕೆರಳಬಹುದು. ಮುಂದೆ ಯಾವಾಗಲಾದರೂ ಆಪರೇಷನ್ ಆಗುವುದಿದ್ದರೆ ಅರಿವಳಿಕೆ ವೈದ್ಯರಿಗೆ ಇದನ್ನು ಮೊದಲೇ ಹೇಳಿ, ಔಷಧಿಯ ಹೆಸರು ಬರೆದ ಚೀಟಿಯನ್ನು ಅಮ್ಮನ ಫೈಲಿನ ಮೊದಲ ಪುಟಕ್ಕೇ ಅಂಟಿಸಿಡಿ.