ಟೈಟರ್ ಏರಿದೆ, ಮರಿಗಳೂ ಹುಟ್ಟಿವೆ: ಲಸಿಕೆ ಸೋತದ್ದೆಲ್ಲಿ?

ಪ್ರಶ್ನೆ: ಗರ್ಭ ತಡೆಯುವ ಲಸಿಕೆಯಾಗಿ ಹೆಣ್ಣಿಲಿಗಳಿಗೆ ಪಿಎಚ್-20 ಎಂಬ ವೀರ್ಯಾಣು ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಚುಚ್ಚಿದ್ದೇವೆ. ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಟೈಟರ್, ಅಂದರೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ, ತುಂಬ ಚೆನ್ನಾಗಿದೆ. ಆದರೂ ಎಂದಿನಂತೆ ಮರಿ ಹಾಕುತ್ತಿವೆ. 1988ರಲ್ಲಿ ಗಿನಿಪಿಗ್‌ಗಳಲ್ಲಿ ಇದೇ ಪ್ರೋಟೀನು ಪೂರ್ತಿ ಫಲ ಕೊಟ್ಟಿತ್ತಲ್ಲವೇ? ಗಂಡಿಲಿಗಳಿಗೆ ಕೊಟ್ಟು ನೋಡಬಹುದೇ?

ಉತ್ತರ: ಕೊಟ್ಟಿತ್ತು, ನಿಜ. ಆದರೆ ಅಲ್ಲಿ ಬಳಸಿದ್ದು ಗಿನಿಪಿಗ್‌ನ ವೀರ್ಯಾಣುವಿನಿಂದಲೇ ಶುದ್ಧೀಕರಿಸಿದ ಪ್ರೋಟೀನು. ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದಕ್ಕೆ ಸಕ್ಕರೆಯ ಸರಪಳಿಗಳು ಅಂಟಿರುವುದಿಲ್ಲ, ಆಕಾರ ಹಿಡಿದಿಡುವ ಡೈಸಲ್ಫೈಡ್ ಬಂಧಗಳು ಸರಿಯಾಗಿ ಕೂಡದೆ ಮಡಿಕೆಯೂ ಹಲವು ಬಾರಿ ಕೆಡುತ್ತದೆ. ಎಲೈಸಾ ತಟ್ಟೆಗೆ ನೀವು ಲೇಪಿಸುವುದೂ ಅದೇ ಪ್ರೋಟೀನನ್ನೇ. ಹಾಗಾಗಿ ಟೈಟರ್ ಎಷ್ಟೇ ಏರಿದರೂ ಆ ಪ್ರತಿಕಾಯ ಜೀವಂತ ವೀರ್ಯಾಣುವನ್ನು ಹಿಡಿಯುತ್ತದೆ ಎಂಬುದಕ್ಕೆ ಪುರಾವೆ ಸಿಗದು.

ಮೊದಲು ಇದನ್ನು ಪರೀಕ್ಷಿಸಿ. ಎಪಿಡಿಡಿಮಿಸ್‌ನ (ವೃಷಣಕ್ಕೆ ಅಂಟಿದ, ವೀರ್ಯಾಣು ಕೂಡಿಡುವ ನಾಳ) ಬಾಲದ ಭಾಗದಿಂದ ವೀರ್ಯಾಣು ತೆಗೆದು, ಫಿಕ್ಸ್ ಮಾಡದೆ (ರಾಸಾಯನಿಕದಿಂದ ಸ್ಥಿರಗೊಳಿಸದೆ), ಲಸಿಕೆ ಪಡೆದ ಇಲಿಗಳ ಸೀರಮ್ ಜೊತೆ ಇಟ್ಟು ಫ್ಲೋರೊಸೆನ್ಸ್ (ಪ್ರತಿಕಾಯ ಅಂಟಿದಲ್ಲಿ ಕಾಣುವ ಹೊಳಪು) ನೋಡಿ. ಫಿಕ್ಸ್ ಮಾಡಿದರೆ ಪೊರೆ ಒಡೆದು ಒಳಗಿನ ಪ್ರೋಟೀನೂ ಹೊಳೆಯುತ್ತದೆ, ಸುಳ್ಳು ಸಮಾಧಾನ ಸಿಗುತ್ತದೆ. ಸತ್ತ ವೀರ್ಯಾಣುಗಳೂ ಹೀಗೆಯೇ ಮೋಸ ಮಾಡುವುದರಿಂದ ಈಜುತ್ತಿರುವವನ್ನು ಮಾತ್ರ ಎಣಿಸಿ. ಹಿಡಿಯುತ್ತಿದೆ ಎಂದಾದರೆ, ಸೀರಮನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ಪ್ರನಾಳದಲ್ಲಿ ಫಲೀಕರಣ ನಡೆಸಿ. ಕಾಯಿಸದಿದ್ದರೆ ಸೀರಮ್‌ನಲ್ಲಿನ ಕೋಶ ಕೊಲ್ಲುವ ಪ್ರೋಟೀನುಗಳ ಗುಂಪಾದ ಕಾಂಪ್ಲಿಮೆಂಟ್ ವೀರ್ಯಾಣುವನ್ನು ಕೊಂದುಬಿಟ್ಟು, ಪ್ರತಿಕಾಯವೇ ಫಲೀಕರಣ ತಡೆಯಿತೋ ಇಲ್ಲವೋ ತಿಳಿಯದಂತಾಗುತ್ತದೆ. ಹೋಲಿಕೆಗೆ, ಅಡ್ಜುವಂಟ್ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು) ಮಾತ್ರ ಪಡೆದ ಇಲಿಗಳ ಸೀರಮ್ ಪಕ್ಕದಲ್ಲಿ ಇರಲೇಬೇಕು.

ಇಷ್ಟೂ ದಾಟಿದರೂ ಇನ್ನೊಂದು ಅಡ್ಡಿ ಉಳಿದಿದೆ: ರಕ್ತದಲ್ಲಿ ತುಂಬಿರುವ ಪ್ರತಿಕಾಯ ಅಂಡನಾಳಕ್ಕೆ ಅದೇ ಪ್ರಮಾಣದಲ್ಲಿ ಸೋರುವುದಿಲ್ಲ. ಅಂಡನಾಳ ಮತ್ತು ಗರ್ಭಕೋಶವನ್ನು ಅಲ್ಪ ಬಫರ್‌ನಿಂದ ತೊಳೆದು ಅದರಲ್ಲೂ ಟೈಟರ್ ಅಳೆಯಿರಿ. ಗಂಡು ಬಿಡುವುದು ಕೊನೆಯ ಬೂಸ್ಟರ್ ಆಗಿ ಸುಮಾರು ಎರಡು ವಾರಕ್ಕೆ. ಹಿಂದೆ ಮರಿ ಹುಟ್ಟಿಸಿದ ಗಂಡನ್ನೇ ಬಿಡಿ. ಕೂಡಿದ್ದಕ್ಕೆ ಗುರುತಾದ ಯೋನಿ ಪ್ಲಗ್ (ಹೆಪ್ಪುಗಟ್ಟಿದ ವೀರ್ಯದ ಬಿರಡೆ) ಕಂಡ ಹೆಣ್ಣುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇಲಿಯಲ್ಲಿ ಒಮ್ಮೆಗೇ ಹಲವು ಅಂಡಗಳು ಬಿಡುಗಡೆಯಾಗುವುದರಿಂದ, ಅರೆಬರೆ ಪರಿಣಾಮ ಬಂಜೆತನವಾಗಿ ಕಾಣದೆ ಮರಿಗಳ ಸಂಖ್ಯೆ ಇಳಿದದ್ದಾಗಿ ಕಾಣಬಹುದು. ‘ಮರಿ ಹುಟ್ಟಿತು’ ಎಂದಷ್ಟೇ ಬರೆದಿಟ್ಟರೆ ಅದು ತಪ್ಪಿಹೋಗುತ್ತದೆ.

ಇದೆಲ್ಲ ಸರಿಯಿದ್ದರೂ ನಿಮ್ಮ ಗುರಿಯೇ ಅನುಮಾನದ್ದು. ಪಿಎಚ್-20 ಜೀನನ್ನೇ ತೆಗೆದುಹಾಕಿದ ಗಂಡಿಲಿಗಳೂ ಮರಿ ಹುಟ್ಟಿಸುತ್ತವೆ. ಇಲ್ಲದಿದ್ದರೂ ನಡೆಯುವ ಪ್ರೋಟೀನನ್ನು ತಡೆದು ಸಿಗುವ ಲಾಭ ಕಡಿಮೆಯೇ. 2005ರಲ್ಲಿ ವರದಿಯಾದ ಇಜುಮೋ ಎಂಬ ವೀರ್ಯಾಣು ಪ್ರೋಟೀನು ಹಾಗಲ್ಲ: ಅದಿಲ್ಲದ ವೀರ್ಯಾಣು ಅಂಡದವರೆಗೆ ತಲುಪುತ್ತದೆ, ಆದರೆ ಬೆಸೆಯಲಾರದು. ಆದರೆ ಅದು ಆಕ್ರೋಸೋಮ್ (ವೀರ್ಯಾಣುವಿನ ತಲೆಯ ಮೇಲಿನ ಚೀಲ) ತೆರೆದ ಮೇಲೆಯೇ ಹೊರಗೆ ಕಾಣಿಸಿಕೊಳ್ಳುತ್ತದೆ, ಪ್ರತಿಕಾಯಕ್ಕೆ ಸಿಗುವ ಸಮಯ ಅಲ್ಪ.

ಗಂಡಿಲಿಗಳಿಗೆ ಬೇಡ ಎಂಬುದೇ ನಮ್ಮ ಸಲಹೆ. ಪಿಎಚ್-20 ಪಡೆದ ಗಂಡು ಗಿನಿಪಿಗ್‌ಗಳಲ್ಲಿ ವೃಷಣದ ಉರಿಯೂತ ಕಂಡುಬಂದಿದೆ. ಅದು ಗರ್ಭನಿರೋಧವಲ್ಲ, ಅಂಗಹಾನಿ. ಗಂಡಿನಲ್ಲಿ ಉದ್ದೇಶವೇ ಇದ್ದರೆ ವೀರ್ಯಾಣುವಿನ ಹೊರಮೈಗೆ ಅಂಟುವ ಎಪಿನ್ ಎಂಬ ಪ್ರೋಟೀನು ಮೇಲು. 2004ರ ವರದಿಯಲ್ಲಿ, ಎಪಿನ್ ಲಸಿಕೆ ಪಡೆದ 9 ಗಂಡು ಬಾನೆಟ್ ಮಕಾಕ್ ಕೋತಿಗಳಲ್ಲಿ 7ಕ್ಕೆ ಹೆಚ್ಚಿನ ಟೈಟರ್ ಬಂತು, ಆ ಏಳೂ ಸಂತಾನಹೀನವಾದವು. ಲಸಿಕೆ ನಿಲ್ಲಿಸಿದ ಮೇಲೆ ಆ 7ರಲ್ಲಿ 5 ಚೇತರಿಸಿಕೊಂಡವು. ಉಳಿದ ಎರಡನ್ನು ಮರೆಯದೆ, ಯಾವ ಗಂಡಿಗೆ ಕೊಟ್ಟರೂ ಕೊನೆಯಲ್ಲಿ ವೃಷಣದ ಸೀಳು ಸೂಕ್ಷ್ಮದರ್ಶಕದಡಿ ನೋಡಿ.