ಕಣ್ಣಿಗೆ ಕಟ್ಟದ ಕಥೆ

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಕಾದಂಬರಿಯೊಂದರ ಚರ್ಚೆ ನಡೆದಾಗ ಗೆಳತಿಯರು ನಾಯಕಿಯ ಮುಖವನ್ನೂ ಅವಳ ಮನೆಯ ಅಂಗಳವನ್ನೂ ಕಂಡವರಂತೆ ವರ್ಣಿಸಿದರು. ನನಗೆ ಓದುವಾಗ ಯಾವ ಚಿತ್ರವೂ ಮೂಡುವುದಿಲ್ಲ. ಆದರೂ ಅದೇ ಕಾದಂಬರಿ ಓದಿ ಅತ್ತಿದ್ದೇನೆ. ನನ್ನ ಓದಿನಲ್ಲಿ ಕೊರತೆಯಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಇಲ್ಲ. ‘ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ’ ಎಂಬ ಹೊಗಳಿಕೆ ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಕಣ್ಣಿಗೆ ಕಟ್ಟದಿದ್ದಾಗ ತಪ್ಪು ಬರೆದವರದು, ಇಲ್ಲವೇ ಓದಿದವರದು ಎಂದು ಭಾವಿಸಿಬಿಡುತ್ತೇವೆ.

ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದಕ್ಕಾಗಿ, ಅಂದಿನ ಬೆಳಗಿನ ತಿಂಡಿಯ ಮೇಜನ್ನು ನೆನೆದುಕೊಂಡಾಗ ಮೂಡುವ ಚಿತ್ರ ಮಂಕಾಗಿದೆಯೋ ಬೆಳಕಾಗಿದೆಯೋ, ಬಣ್ಣಗಳು ಸಹಜವಾಗಿವೆಯೋ ಎಂದು ಹಲವರನ್ನು ಕೇಳಿದ್ದರು. ಮೊದಲು ವಿಚಾರಿಸಿದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಅಂಥ ಚಿತ್ರವೆಂಬುದನ್ನೇ ತಾವು ಅರಿಯೆವೆಂದಾಗ ಅವರು ಬೆರಗಾದರು. ಮನಸ್ಸಿನಲ್ಲಿ ಚಿತ್ರವೇ ಮೂಡದ ಈ ಸ್ಥಿತಿಗೆ ‘ಅಫ್ಯಾಂಟೇಸಿಯಾ’ ಎಂಬ ಹೆಸರು ಬಂದದ್ದು ಮಾತ್ರ 2015ರಲ್ಲಿ, ಎಕ್ಸೆಟರ್ ವಿಶ್ವವಿದ್ಯಾಲಯದ ನರವಿಜ್ಞಾನಿ ಆಡಂ ಜೆಮನ್ ಮತ್ತು ಸಂಗಡಿಗರಿಂದ. ಇದು ರೋಗವಲ್ಲ. ಆ್ಯನಿಮೇಷನ್ ಚಿತ್ರಗಳನ್ನು ತಯಾರಿಸುವ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ಅವರೂ ತಮಗೆ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲವೆಂದು ಹೇಳಿಕೊಂಡಿದ್ದಾರೆ; ಜಗತ್ತಿನ ಮಕ್ಕಳಿಗೆ ಚಿತ್ರಕಥೆ ತೋರಿಸಿದ ಸಂಸ್ಥೆಯನ್ನು ಕಟ್ಟಿದವರು ಅವರು.

ಇನ್ನು, ಚಿತ್ರ ಕಾಣುವ ನಾವು ಕಾಣುವುದಾದರೂ ಏನನ್ನು? ಕಾದಂಬರಿಯಲ್ಲಿ ಹಳ್ಳಿಯ ಮನೆಯೊಂದು ಬಂದೊಡನೆ ನನ್ನ ಮನಸ್ಸು ಅಜ್ಜಿಯ ಮನೆಯನ್ನು ತಂದು ನಿಲ್ಲಿಸುತ್ತದೆ: ಎಡಕ್ಕೆ ಮೆಟ್ಟಿಲು, ಸವೆದ ಹೊಸ್ತಿಲು, ಮುಂದುಗಡೆ ಬಾವಿ. ನಲವತ್ತು ಪುಟಗಳಾದ ಮೇಲೆ ಲೇಖಕರು ಬಾವಿ ಹಿತ್ತಿಲಿನಲ್ಲಿದೆಯೆಂದರೂ ನನ್ನ ಬಾವಿ ಕದಲುವುದಿಲ್ಲ. ನಾಯಕಿ ಹಿತ್ತಿಲಿಗೆ ಹೋಗಿ ಅಂಗಳದಲ್ಲಿ ನೀರು ಸೇದುತ್ತಾಳೆ. ಅವಳ ಮುಖವಂತೂ ಎಂದೂ ಪೂರ್ತಿಯಾಗಿ ಕಂಡದ್ದಿಲ್ಲ. ಸೆರಗು ಸಿಕ್ಕಿಸಿಕೊಳ್ಳುವ ರೀತಿ, ನಡಿಗೆಯ ಅವಸರ, ಅಷ್ಟೇ. ಆ ಚಿತ್ರವೂ ಗಟ್ಟಿಯಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಆಧರಿಸಿದ 1970ರ ಚಲನಚಿತ್ರವನ್ನು ನೋಡಿದ ಮೇಲೆ ನನ್ನ ಪ್ರಾಣೇಶಾಚಾರ್ಯರು ಗಿರೀಶ ಕಾರ್ನಾಡರ ಮುಖವನ್ನೇ ಹೊತ್ತು ಬರುತ್ತಾರೆ. ಅದಕ್ಕೆ ಮೊದಲಿದ್ದ ಮುಖ ಯಾವುದೆಂದು ಎಷ್ಟು ಯತ್ನಿಸಿದರೂ ನೆನಪಾಗದು, ಆ ನಷ್ಟ ನನ್ನನ್ನು ಈಗಲೂ ಕಾಡುತ್ತದೆ.

ನಿಮ್ಮನ್ನು ಅಳಿಸಿದ್ದು ಬಹುಶಃ ಮಾತಿನ ಧಾಟಿ, ಒಂದು ವಾಕ್ಯ ಅರ್ಧಕ್ಕೆ ನಿಂತ ಬಗೆ, ಆ ಹೆಂಗಸು ಏನನ್ನು ಕಳೆದುಕೊಳ್ಳಲಿದ್ದಾಳೆಂಬ ಅರಿವು. ಕಥೆ ಇವುಗಳಿಂದಲೂ ಒಳಗಿಳಿಯುತ್ತದೆ, ಕೆಲವೊಮ್ಮೆ ಚಿತ್ರಕ್ಕಿಂತ ಆಳಕ್ಕೆ. ಮುಂದಿನ ಸಭೆಯಲ್ಲಿ ನಾಯಕಿಯ ಮೂಗುತಿ ಯಾವ ಬದಿಗಿತ್ತೆಂದು ಗೆಳತಿಯರನ್ನು ಕೇಳಿ ನೋಡಿ. ಒಬ್ಬೊಬ್ಬರ ಉತ್ತರ ಒಂದೊಂದಾದೀತು. ಆಮೇಲೆ ನೀವು ಅತ್ತ ಆ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.