ಉಸಿರನ್ನು ನಿಧಾನವಾಗಿ ಬಿಡಿ, ದಿನಾ ಒಂದೇ ಮರದ ಹತ್ತಿರ ಹೋಗಿ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟೆನ್ಷನ್ ಬಗ್ಗೆಯೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಕೊನೆಯ ಪತ್ರ ನನ್ನನ್ನು ತುಂಬಾ ಹೊತ್ತು ಯೋಚನೆಗೆ ಹಚ್ಚಿತು.

ಪ್ರಶ್ನೆ: ನನಗೆ 34 ವರ್ಷ. ಸರ್ಜಾಪುರ ರಸ್ತೆಯಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ರಾತ್ರಿ 10ಕ್ಕೆ ಅಮೆರಿಕದವರ ಜೊತೆ ಕಾಲ್ ಮುಗಿಸಿ ಮಲಗಿದರೆ 1 ಗಂಟೆಯಾದರೂ ನಿದ್ದೆ ಬರೋದಿಲ್ಲ. ಯೋಗ ಕ್ಲಾಸಿಗೆ ಸೇರಿದೆ, ಶವಾಸನದಲ್ಲೂ ಆಫೀಸಿನದೇ ಯೋಚನೆ. ತಿಂಗಳಿಗೊಮ್ಮೆ ಕೊಡಗಿಗೋ ಚಿಕ್ಕಮಗಳೂರಿಗೋ ಹೋಗಿ ಬರುತ್ತೇವೆ, ಸೋಮವಾರ ಮತ್ತೆ ಅದೇ ಕಥೆ. ನನ್ನಲ್ಲೇ ಏನಾದರೂ ತಪ್ಪಿದೆಯಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಏನೂ ತಪ್ಪಿಲ್ಲ. ಹತ್ತು ಗಂಟೆವರೆಗೆ ಓಡುತ್ತಿದ್ದ ತಲೆಗೆ ದೀಪ ಆರಿಸಿದ ತಕ್ಷಣ ನಿಲ್ಲು ಅಂದರೆ ಅದು ಕೇಳೋದಿಲ್ಲ. ಶವಾಸನದಲ್ಲಿ ಯೋಚನೆ ಬರೋದೂ ಸಹಜ, ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೂ ಬರುತ್ತದೆ. ಅದನ್ನು ಓಡಿಸೋಕೆ ಹೋಗಬೇಡಿ, ಹೋದಷ್ಟೂ ಜಾಸ್ತಿಯಾಗುತ್ತದೆ.

ಮನಸ್ಸನ್ನು ಬಿಟ್ಟು ಉಸಿರಿನ ಕಡೆಯಿಂದ ಶುರು ಮಾಡಿ. ನಾವು ಉಸಿರು ಎಳೆದುಕೊಂಡಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಮೇಲೆ ಬೆರಳಿಟ್ಟು ಸುಮ್ನೆ ಎರಡು ನಿಮಿಷ ಕೂತರೆ ಎಷ್ಟೋ ಜನಕ್ಕೆ ಇದು ಕೈಗೇ ಸಿಗುತ್ತದೆ. ಮಿದುಳಿನಿಂದ ಹೃದಯ, ಹೊಟ್ಟೆವರೆಗೂ ಇಳಿಯುವ ವೇಗಸ್ ನರ ಮಾಡುವ ಕೆಲಸ ಅದು. ಹಾಗಾಗಿ 4 ಎಣಿಸುತ್ತಾ ಉಸಿರು ಎಳೆದುಕೊಳ್ಳಿ, 6 ಎಣಿಸುತ್ತಾ ಬಿಡಿ, ನಿಮಿಷಕ್ಕೆ ಹೆಚ್ಚುಕಮ್ಮಿ ಆರು ಉಸಿರು. ಕಾಲ್ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಬೇರೆ ಕೋಣೆಯಲ್ಲಿಟ್ಟು, ಹತ್ತು ನಿಮಿಷ ಇದನ್ನು ಮಾಡಿ. ಆಮೇಲೆ ಐದಾರು ಸಲ ಭ್ರಾಮರಿ ಮಾಡಿ. ಹೆಬ್ಬೆರಳಿಂದ ಕಿವಿ ಮುಚ್ಚಿ, ತುಟಿ ಮುಚ್ಚಿ, ಹಲ್ಲು ಕಚ್ಚದೆ, ದುಂಬಿ ಹಾಗೆ ಮ್ಮ್ ಅನ್ನುತ್ತಾ ಉಸಿರು ಬಿಡೋದು. ಸದ್ದು ಮೊದಲು ಗಂಟಲಲ್ಲಿರುತ್ತದೆ, ಮೂರನೇ ಸಲದ ಹೊತ್ತಿಗೆ ಹಲ್ಲಿನ ಬುಡದಲ್ಲಿ, ಕೆನ್ನೆ ಮೂಳೆಯಲ್ಲಿ ಗುಂಯ್ ಅನ್ನೋಕೆ ಶುರುವಾಗುತ್ತದೆ. ಆ ಗುಂಯ್‌ಗುಡುವಿಕೆಯನ್ನೇ ಕೇಳುತ್ತಾ ಇರಿ.

ಇನ್ನು ಕೊಡಗಿನ ವಿಷಯ. ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಆರೇಳು ಗಂಟೆ ಕಾರು, ವಾಪಸ್ ಬರುವಾಗ ಅಷ್ಟೇ ಹೊತ್ತು ಟ್ರಾಫಿಕ್, ನಡುವೆ ಒಂದು ದಿನ ಹಸಿರು, ಇದು ತಿಂಗಳ ಬಾಕಿಯನ್ನೆಲ್ಲ ತೀರಿಸೋದಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2019ರಲ್ಲಿ ಬಂತು. ವಾರಕ್ಕೆ 120 ನಿಮಿಷವಾದರೂ ಮರಗಿಡಗಳ ನಡುವೆ ಕಳೆಯುವವರಲ್ಲಿ ಆರೋಗ್ಯ ಚೆನ್ನಾಗಿದೆ, ಮನಸ್ಸು ಚೆನ್ನಾಗಿದೆ ಅಂದವರು ಜಾಸ್ತಿ ಇದ್ದರು. ಒಂದೇ ಸಲ ಕಳೆದರೂ, ಹಂಚಿಕೊಂಡು ಕಳೆದರೂ ವ್ಯತ್ಯಾಸ ಕಾಣಲಿಲ್ಲ. ದಿನದ ಲೆಕ್ಕಕ್ಕೆ ಹದಿನೇಳು ನಿಮಿಷ ಅಷ್ಟೇ ಅಲ್ವಾ? ನಿಮ್ಮ ರಸ್ತೆಯಲ್ಲೇ ಕೈಕೊಂಡ್ರಹಳ್ಳಿ ಕೆರೆ ಇದೆ, ಸುತ್ತಮುತ್ತಲ ಜನರೇ ಮುಂದೆ ನಿಂತು ಉಳಿಸಿಕೊಂಡ ಕೆರೆ. ಅಲ್ಲಿಗೆ ಬೆಳಿಗ್ಗೆ ಹೋಗಿ. ಇಯರ್‌ಫೋನ್ ಬೇಡ, ಹೆಜ್ಜೆ ಲೆಕ್ಕ ಬೇಡ. ಒಂದು ಮರ ಗೊತ್ತು ಮಾಡಿಕೊಂಡು ದಿನಾ ಅದರ ಹತ್ತಿರವೇ ನಿಲ್ಲಿ.

ನಾನು ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹಾಗೆ ನಿಲ್ಲುತ್ತೇನೆ. ಒಂದು ನೀರುಕಾಗೆ ಮುಳುಗೆದ್ದು ಬಂದು ಒಣಗಿದ ಕೊಂಬೆ ಮೇಲೆ ಎರಡೂ ರೆಕ್ಕೆ ಬಿಚ್ಚಿ ಕೂರುತ್ತದೆ, ಒದ್ದೆ ಬಟ್ಟೆ ಹರವಿದ ಹಾಗೆ. ರೆಕ್ಕೆ ತುದಿಯಿಂದ ಹನಿ ತೊಟ್ಟಿಕ್ಕೋದು ನಿಲ್ಲುವವರೆಗೂ ಅಲುಗಾಡೋದಿಲ್ಲ. ಅದನ್ನು ನೋಡುತ್ತಾ ನಿಂತಾಗ ನನ್ನ ಹೆಗಲು ಇಳಿದಿದ್ದು ನನಗೆ ಎಷ್ಟೋ ಹೊತ್ತಾದ ಮೇಲೆ ಗೊತ್ತಾಗುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ, 66 ವರ್ಷ, ಬಿಪಿ ಮಾತ್ರೆ ತಗೋತೀನಿ. ಮೊಬೈಲಿನಲ್ಲಿ ನೋಡಿಕೊಂಡು ದಿನಾ ಅರ್ಧ ಗಂಟೆ ಕಪಾಲಭಾತಿ ಮಾಡುತ್ತಿದ್ದೇನೆ. ತಲೆ ಸುತ್ತುತ್ತದೆ. ಮುಂದುವರಿಸಲೇ?
– ದಾವಣಗೆರೆ

ಉತ್ತರ: ಇವತ್ತೇ ನಿಲ್ಲಿಸಿ ಸರ್. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಬಸುರಿಯರು ಕಪಾಲಭಾತಿಯಂಥ, ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರಹಾಕುವ ಅಭ್ಯಾಸ ಮಾಡಬಾರದು. ತಲೆ ಸುತ್ತಿದ್ದನ್ನು ನಿಮ್ಮ ಡಾಕ್ಟರಿಗೂ ತಿಳಿಸಿ, ಮಾತ್ರೆಯನ್ನು ಮಾತ್ರ ನೀವೇ ಬಿಡಬೇಡಿ. ಮೇಲೆ ಹೇಳಿದ ನಿಧಾನದ ಉಸಿರು ನಿಮಗೂ ಸಾಕು, ಉಸಿರು ಕಟ್ಟಿ ಹಿಡಿಯೋದು ಬೇಡ.

ಪ್ರಶ್ನೆ: ಅಮ್ಮನಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಎಲ್ಲ ಹಾಸಿಗೆಯಲ್ಲೇ. ನೋಡಿಕೊಳ್ಳೋಕೆ ನಾನೊಬ್ಬಳೇ. ವಾಕಿಂಗ್ ಹೋಗಿ, ಪ್ರಕೃತಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಹೊಸ್ತಿಲು ದಾಟೋದೇ ಕಷ್ಟ. ಸಣ್ಣದಕ್ಕೂ ಸಿಟ್ಟು ಬರುತ್ತದೆ, ಆಮೇಲೆ ಅಳು.
– ಹುಬ್ಬಳ್ಳಿ

ಉತ್ತರ: ಸಿಟ್ಟು ಬಂದಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಎರಡು ವರ್ಷ ಒಬ್ಬರೇ ನಿಭಾಯಿಸಿದ್ದೀರಿ, ದಣಿವು ಸಿಟ್ಟಾಗಿ ಹೊರಗೆ ಬರುತ್ತಿದೆ.

ಅಮ್ಮನ ಮಂಚ ಎಲ್ಲಿದೆ? ಕಿಟಕಿ ಹತ್ತಿರಕ್ಕೆ ಸರಿಸೋಕೆ ಆಗುತ್ತದಾ ನೋಡಿ. ಅಮೆರಿಕದ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು 1984ರಲ್ಲಿ ಒಂದು ವಿಷಯ ಬರೆದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಇನ್ನು 23 ಜನರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿಗೆ ಕೊಡುವ ಜೋರಾದ ಔಷಧಿಯೂ ಅವರಿಗೆ ಕಮ್ಮಿ ಸಾಕಾಯಿತು. ಕಿಟಕಿಯಾಚೆ ಮರ ಇಲ್ಲದಿದ್ದರೆ ಕಟ್ಟೆ ಮೇಲೆ ಒಂದು ತುಳಸಿ, ಒಂದು ಕುಂಡದಲ್ಲಿ ದಾಸವಾಳ ಇಡಿ, ಗುಬ್ಬಿಗೆ ನೀರಿಡಿ. ಇದು ಅಮ್ಮನಿಗೆ ಎಷ್ಟೋ ನಿಮಗೂ ಅಷ್ಟೇ. ಅವರು ಮಧ್ಯಾಹ್ನ ಮಲಗಿದಾಗ ಪಾತ್ರೆ ತೊಳೆಯೋಕೆ ಏಳಬೇಡಿ, ಮೊದಲು ಹತ್ತು ನಿಮಿಷ ಆ ಕಿಟಕಿ ಪಕ್ಕ ಕೂತು ಉಸಿರು ನಿಧಾನ ಮಾಡಿ. ವಾರಕ್ಕೆ ಎರಡು ಗಂಟೆ ಕೂರೋಕೆ ಅಕ್ಕತಂಗಿಯರನ್ನೋ ಪಕ್ಕದ ಮನೆಯವರನ್ನೋ ಬಾಯಿಬಿಟ್ಟು ಕೇಳಿ. "ನೋಡಿಕೊಳ್ಳೋಕೆ ಯಾರೂ ಬರಲ್ಲ" ಅನ್ನುವ ಎಷ್ಟೋ ಜನರನ್ನು ವಿಚಾರಿಸಿದಾಗ ಅವರು ಯಾರನ್ನೂ ಕೇಳಿರೋದೇ ಇಲ್ಲ. ಸಿಕ್ಕ ಎರಡು ಗಂಟೆ ಸಂತೆ ಕೆಲಸಕ್ಕಲ್ಲ. ಉಣಕಲ್ ಕೆರೆ ದಂಡೆಗೆ ಹೋಗಿ ಕೂತು ಬನ್ನಿ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಯಾವಾಗಲೂ ಹಸಿರು, ಕಾಡು, ನೆಮ್ಮದಿ ಅಂತ ಬರೆಯುತ್ತೀರಿ. ನಾವು ಇರೋದೇ ಕಾಡಿನಲ್ಲಿ. ಎರಡು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಬಂದು ಮರ ಸೊರಗಿವೆ, ಸೊಸೈಟಿ ಸಾಲ ಹಾಗೇ ಇದೆ. ಸುಗ್ಗಿಯಲ್ಲಿ ರಾತ್ರಿ 11ರವರೆಗೆ ಅಡಿಕೆ ಸುಲಿದು ಹೆಗಲು ಬಿದ್ದುಹೋಗುತ್ತದೆ. ನಮ್ಮ ಯಜಮಾನರು ಈಚೆಗೆ ಮಾತೇ ಆಡೋದಿಲ್ಲ, ತೋಟಕ್ಕೆ ಹೋಗಿ ಸುಮ್ಮನೆ ಕೂತುಬಿಡುತ್ತಾರೆ, "ಇದ್ದು ಏನು ಮಾಡೋದು" ಅನ್ನುತ್ತಾರೆ. ನಮಗೆ ಯಾವ ಯೋಗ?
– ತೀರ್ಥಹಳ್ಳಿ ಕಡೆಯ ಗೃಹಿಣಿ

ಉತ್ತರ: ಅಕ್ಕಾ, ನೀವು ಕೇಳಿದ್ದು ಸರಿ. ಪೇಟೆಯವರಿಗೆ ನಿಮ್ಮ ತೋಟ ತಂಪು. ನಿಮಗೆ ಅದೇ ತೋಟ ಸಾಲದ ಲೆಕ್ಕ. ತಲೆ ಎತ್ತಿ ನೋಡಿದರೆ ಸೋಗೆ ಮೇಲೆ ಚುಕ್ಕಿ ಕಾಣುತ್ತದೆ, ತಲೆ ತಗ್ಗಿಸಿದರೆ ಉದುರಿದ ಕಾಯಿ. ಅಲ್ಲಿ ಹೋಗಿ ಕೂತರೆ ಮನಸ್ಸು ಹಗುರ ಆಗೋದು ಹೇಗೆ? ಇದನ್ನು ನಾನು ಮೊದಲೇ ಬರೆಯಬೇಕಿತ್ತು, ಬರೆದಿರಲಿಲ್ಲ. ಯೋಗದಿಂದ ಸಾಲವೂ ತೀರೋದಿಲ್ಲ, ಎಲೆಚುಕ್ಕಿಯೂ ಹೋಗೋದಿಲ್ಲ.

ಆದರೆ ನಿಮ್ಮ ಹೆಗಲಿಗೆ ಒಂದು ದಾರಿ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂತಾಗ ಹೆಗಲು ಮುಂದಕ್ಕೆ ಬರುತ್ತದೆ, ಎದೆ ಮಡಚಿಕೊಳ್ಳುತ್ತದೆ, ಉಸಿರು ಮೇಲೆ ಮೇಲೆ ಆಗುತ್ತದೆ. ಗಂಟೆಗೊಮ್ಮೆ ಎದ್ದು ನಿಂತು, ಬೆನ್ನ ಹಿಂದೆ ಎರಡೂ ಕೈ ಹೆಣೆದು, ಹೆಗಲನ್ನು ಹಿಂದಕ್ಕೆ ತಂದು ಐದು ಉಸಿರು ಎಣಿಸಿ. ಮಲಗುವ ಮುಂಚೆ ಚಾಪೆಯನ್ನು ಗೋಡೆಗೆ ತಾಗಿಸಿ ಹಾಸಿ, ಅಂಗಾತ ಮಲಗಿ ಕಾಲುಗಳನ್ನು ಗೋಡೆ ಮೇಲಕ್ಕೆ ಚಾಚಿ, ಸೊಂಟದ ಕೆಳಗೆ ಮಡಚಿದ ಕಂಬಳಿ ಇಡಿ. ಹತ್ತು ನಿಮಿಷ ಹಾಗೇ ಇದ್ದರೆ ಕಾಲಿನ ಭಾರ ಇಳಿಯುತ್ತದೆ, ಹೊಟ್ಟೆಯಿಂದ ಉಸಿರು ಬರುತ್ತದೆ. ಕಣ್ಣಿನ ಒತ್ತಡದ ಕಾಯಿಲೆ (ಗ್ಲಾಕೋಮಾ) ಇದ್ದರೆ ಮಾತ್ರ ಇದು ಬೇಡ.

ಕೂರೋಕೆ ನಿಮ್ಮದಲ್ಲದ ಜಾಗ ಹುಡುಕಿ. ಹಳ್ಳದ ಬಂಡೆ, ದೇವರಕಾಡಿನ ಅಂಚು, ನೀವು ಯಾವ ಕೆಲಸವನ್ನೂ ಮಾಡಬೇಕಿಲ್ಲದ ಜಾಗ. ಗೊಬ್ಬರ, ಔಷಧಿ, ಕೊಯ್ಲು ಯಾವುದೂ ನೆನಪಾಗದ ಒಂದು ಮರ. ಸಂಜೆ ಇಬ್ಬರೂ ಅಲ್ಲಿವರೆಗೆ ನಡೆದು ಬನ್ನಿ. ಮಾತಾಡದಿದ್ದರೂ ಪರವಾಗಿಲ್ಲ.

ನಿಮ್ಮ ಯಜಮಾನರ ವಿಷಯ ಮಾತ್ರ ಬೇರೆ. ಮಾತು ಬಿಟ್ಟಿರೋದು, "ಇದ್ದು ಏನು ಮಾಡೋದು" ಅನ್ನೋದು ಆಸನದಿಂದ ಸರಿಹೋಗುವ ಸುಸ್ತಲ್ಲ. ಅದು ಕಾಯಿಲೆ ಇರಬಹುದು, ಅದಕ್ಕೆ ಔಷಧಿ ಇದೆ. ಅವರನ್ನು ಹತ್ತಿರ ಕೂರಿಸಿಕೊಂಡು "ಸಾಯೋ ಯೋಚನೆ ಬರ್ತಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು, ಕೇಳಿದವರಿದ್ದಾರೆ ಅಂತ ಎಷ್ಟೋ ಜನಕ್ಕೆ ಹಗುರಾಗುತ್ತದೆ. 14416 ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಟೆಲಿ ಮನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಯಜಮಾನರು ಮಾತಾಡದಿದ್ದರೆ ನೀವೇ ಮಾತಾಡಬಹುದು. ತಾಲೂಕು ಆಸ್ಪತ್ರೆಗೂ ಅವರನ್ನು ಕರೆದುಕೊಂಡು ಹೋಗಿ. ಸಿಂಪಡಣೆಯ ಔಷಧಿಯನ್ನು ಅವರ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ, ತೋಟದಲ್ಲಿ ತುಂಬಾ ಹೊತ್ತು ಒಬ್ಬರನ್ನೇ ಬಿಡಬೇಡಿ. ಸುಗ್ಗಿ ಮುಗಿಯಲಿ ಅಂತ ಕಾಯೋದು ಬೇಡ ಅಕ್ಕಾ. ಈ ಪತ್ರಿಕೆ ಕೆಳಗಿಟ್ಟ ಕೂಡಲೇ ಫೋನ್ ಮಾಡಿ, ಆಮೇಲೆ ಏನಾಯ್ತು ಅಂತ ನನಗೆ ಎರಡು ಸಾಲು ಬರೆಯಿರಿ.